ವೇಗ ಮತ್ತು ವಿವೇಕ

(ಆವತಿಯಲ್ಲಿ ಭಕ್ತರನ್ನು ಉದ್ದೇಶಿಸಿ ನೀಡಿದ ಪ್ರವಚನದ ಬರಹರೂಪ)



ಈ ಹೊತ್ತು ನಾವು ಒಂದು ವಿಮಾನದ ವಿಚಾರವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ. ಮಠದವರಿಗೆ ವಿಮಾನದ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಆವತಿಯಲ್ಲಿ ಕುಳಿತು ವಿಮಾನದ ಮಾತು ಬೇಡವೆಂದರೆ ಆದೀತೆ? ತಲೆ ಎತ್ತಿದರೆ ಒಂದು ಹೋಗುತ್ತಿರುತ್ತದೆ, ತಲೆ ತಗ್ಗಿಸುವುದರೊಳಗೆ ಇನ್ನೊಂದು ಬರುತ್ತಿರುತ್ತದೆ. ಈ ಸೀಮೆಯ ಮಕ್ಕಳು ಕಾಗದದ ವಿಮಾನ ಮಾಡಲು ಕಲಿಯುವುದಕ್ಕೆ ಮೊದಲೇ ನಿಜವಾದ ವಿಮಾನವನ್ನು ನೋಡಿಬಿಟ್ಟಿರುತ್ತಾರೆ. ನೋಡುವುದು ಬೇರೆ, ನೋಡಿದ್ದರಿಂದ ತಿಳಿಯುವುದು ಬೇರೆ. ತಿಳಿಯುವ ಕೆಲಸವನ್ನು ಈ ಹೊತ್ತು ಸ್ವಲ್ಪ ಮಾಡೋಣ.

ಆವತಿಯ ಕಥೆ ಶುರುವಾಗುವುದೇ ಒಂದು ಪ್ರಯಾಣದಿಂದ. ಕಂಚಿಯ ಕಡೆಯಿಂದ ಒಕ್ಕಲು ಮಕ್ಕಳು, ತಮ್ಮ ಮನೆಯ ಹೆಣ್ಣುಮಗಳ ಮಾನ ಕಾಪಾಡುವುದಕ್ಕಾಗಿ, ಬಂಡಿ ಕಟ್ಟಿಕೊಂಡು ರಾತ್ರೋರಾತ್ರಿ ಹೊರಟು ನಂದಿಬೆಟ್ಟದ ಸೀಮೆಗೆ ಬಂದರು, ರಣಭೈರೇಗೌಡರು ಈ ಆವತಿಯಲ್ಲಿ ನೆಲೆ ನಿಂತರು ಎಂದು ಐತಿಹ್ಯ ಹೇಳುತ್ತದೆ. ಆ ವಂಶದ ಕವಲುಗಳೇ ದೇವನಹಳ್ಳಿಯಲ್ಲಿ, ಯಲಹಂಕದಲ್ಲಿ ನಾಡಪ್ರಭುಗಳಾದವು. ಬೆಂಗಳೂರು ಕಟ್ಟಿದ ಕೆಂಪೇಗೌಡರ ಬೇರೂ ಇಲ್ಲಿಯದೇ. ಈಗ ಅದೇ ಕೆಂಪೇಗೌಡರ ಹೆಸರು ಹೊತ್ತ ವಿಮಾನ ನಿಲ್ದಾಣ ನಮ್ಮ ಪಕ್ಕದಲ್ಲಿದೆ. ಬಂಡಿಯಲ್ಲಿ ಬಂದವರ ಹೆಸರಿನಲ್ಲಿ ವಿಮಾನ ಇಳಿಯುತ್ತದೆ. ಕಾಲ ಎಂಬುದು ಎಂಥ ವಿನೋದಗಾರ ನೋಡಿ!

ಆ ಬಂಡಿಗಳು ಕಂಚಿಯಿಂದ ಇಲ್ಲಿಗೆ ಬರಲು ಎತ್ತು ದಣಿದು, ಮೇವು ಹುಡುಕಿ, ಹೊಳೆ ದಾಟಿ, ಹತ್ತು ಹದಿನೈದು ದಿನಗಳಾದರೂ ಹಿಡಿದಿರಬೇಕು. ಅದೇ ದೂರವನ್ನು ಆರೇಳು ನಿಮಿಷದಲ್ಲಿ ದಾಟಬಲ್ಲ ಒಂದು ಪ್ರಯಾಣಿಕ ವಿಮಾನ ಈ ಲೋಕದಲ್ಲಿ ಇತ್ತು. ಈಗ ಅದು ಹಾರುತ್ತಿಲ್ಲ. ಅದರ ಹೆಸರು ಕಾನ್ಕಾರ್ಡ್. ಆ ಮಾತಿಗೆ ಸಾಮರಸ್ಯ ಎಂಬ ಅರ್ಥವಿದೆ. ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ೧೯೬೨ರಲ್ಲಿ ಒಪ್ಪಂದ ಮಾಡಿಕೊಂಡು, ಕೂಡಿ ಕಟ್ಟಿದ ವಿಮಾನ ಅದು. ೧೯೬೯ರ ಮಾರ್ಚಿ ೨ರಂದು ಮೊದಲ ಬಾರಿ ಮೇಲೆದ್ದಿತು. ೧೯೭೬ರ ಜನವರಿ ೨೧ರಂದು ಲಂಡನ್ನಿನಿಂದ ಬಹರೇನಿಗೆ ಒಂದು, ಪ್ಯಾರಿಸ್ಸಿನಿಂದ ದಕಾರ್ ಮಾರ್ಗವಾಗಿ ರಿಯೊಗೆ ಇನ್ನೊಂದು, ಎರಡೂ ಒಂದೇ ಹೊತ್ತಿಗೆ ಪ್ರಯಾಣಿಕರನ್ನು ಹೊತ್ತು ಹೊರಟವು.

ಅದರ ವೇಗ ಗಂಟೆಗೆ ಸುಮಾರು ೨,೧೮೦ ಕಿಲೋಮೀಟರು, ಅಂದರೆ ಶಬ್ದದ ವೇಗಕ್ಕೆ ಎರಡರಷ್ಟು. ನಿಮಿಷಕ್ಕೆ ೩೬ ಕಿಲೋಮೀಟರು. ಇಲ್ಲಿಂದ ಕೂಡಲಸಂಗಮಕ್ಕೆ ಹತ್ತು ಹನ್ನೆರಡು ನಿಮಿಷ! ತಾಯಂದಿರು ಒಲೆಯ ಮೇಲೆ ಅನ್ನಕ್ಕೆ ಎಸರಿಟ್ಟು ಹೊರಟರೆ, ಆ ಎಸರು ಮರಳುವುದರೊಳಗೆ ಸಂಗಮದಲ್ಲಿ ಇಳಿಯಬಹುದಾಗಿತ್ತು.

ಈಗ ಆ ವಿಮಾನದಲ್ಲಿ ಮೊದಲ ಸಲ ಕುಳಿತ ಒಬ್ಬ ಪ್ರಯಾಣಿಕನನ್ನು ಕಲ್ಪಿಸಿಕೊಳ್ಳಿ. ಒಳಗೆ ಕಾಲಿಟ್ಟರೆ ಅವನಿಗೆ ಮೊದಲು ಆಗುವುದು ನಿರಾಸೆ. ಇಷ್ಟು ಹೆಸರಿನ ವಿಮಾನ, ಒಳಗೆ ನೋಡಿದರೆ ಇಕ್ಕಟ್ಟು. ಆಚೆಗೆರಡು ಈಚೆಗೆರಡು ಆಸನ, ನಡುವೆ ಕಿರಿದಾದ ದಾರಿ, ಕಿಟಕಿಗಳು ಅಂಗೈ ಅಗಲ. ನೂರು ಜನ ಹಿಡಿಯುವ ಜಾಗ. ಹೊರಡುವಾಗ ಮಾತ್ರ ಅದರ ಗುಣ ತಿಳಿಯುತ್ತದೆ. ಎಂಜಿನ್ನುಗಳ ಬಾಲದಲ್ಲಿ ಮತ್ತಷ್ಟು ಇಂಧನ ಸುರಿದು ಉರಿಸುತ್ತಾರೆ. ಬೆನ್ನು ಆಸನಕ್ಕೆ ಒತ್ತುತ್ತದೆ, ಗಂಟೆಗೆ ೪೦೦ ಕಿಲೋಮೀಟರಿನ ಹತ್ತಿರ ಓಡಿ ನೆಲ ಬಿಡುತ್ತದೆ.

ಆಮೇಲೆ ಸಮುದ್ರದ ಮೇಲೆ ಹೋದಾಗ ಶಬ್ದದ ವೇಗವನ್ನು ದಾಟುವ ಘಳಿಗೆ ಬರುತ್ತದೆ. ಪ್ರಯಾಣಿಕ ಕೈ ಬಿಗಿಹಿಡಿದು ಕುಳಿತಿದ್ದಾನೆ. ಸಿಡಿಲು ಹೊಡೆದಂತೆ ಆಗಬಹುದು, ವಿಮಾನ ನಡುಗಬಹುದು ಎಂದು ಎಣಿಸಿದ್ದಾನೆ. ಏನೂ ಆಗುವುದಿಲ್ಲ. ಹಿಂದಿನಿಂದ ಯಾರೋ ಮೆಲ್ಲಗೆ ನೂಕಿದಂತೆ ಒಂದು ಸಣ್ಣ ತಳ್ಳಾಟ, ಅಷ್ಟೆ. ಮುಂದಿನ ಗೋಡೆಯ ಮೇಲೆ ಒಂದು ಅಂಕಿಯ ಫಲಕವಿದೆ. ಅದರಲ್ಲಿ ಒಂದು ಎಂದು ಮೂಡುತ್ತದೆ, ಆಮೇಲೆ ಒಂದೂವರೆ, ಕೊನೆಗೆ ಎರಡು. ಆ ಫಲಕ ಇಲ್ಲದಿದ್ದರೆ ತಾನು ಶಬ್ದಕ್ಕಿಂತ ಮುಂದೆ ಓಡುತ್ತಿದ್ದೇನೆ ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಲೋಟದಲ್ಲಿನ ನೀರು ಅಲುಗುವುದಿಲ್ಲ.

ಕಿಟಕಿಯಲ್ಲಿ ನೋಡಿದರೆ ಆಕಾಶ ನೀಲಿಯಲ್ಲ, ಕಪ್ಪಿಗೆ ತಿರುಗಿದ ಕಡುನೀಲಿ. ಸುಮಾರು ೬೦,೦೦೦ ಅಡಿ ಮೇಲೆ ಬಂದಾಗಿದೆ. ಭೂಮಿಯ ಅಂಚು ಬಾಗಿದ್ದು ಕಾಣುತ್ತದೆ. ಕಿಟಕಿಯನ್ನು ಮುಟ್ಟಿದರೆ ಬೆಚ್ಚಗಿದೆ. ಹೊರಗೆ ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಿನ ಗಾಳಿ ಇದ್ದರೂ, ಆ ಗಾಳಿಯನ್ನು ಒತ್ತಿಕೊಂಡು ಹೋಗುವ ರಭಸಕ್ಕೆ ವಿಮಾನದ ಮೂಗು ನೀರು ಕುದಿಯುವ ಶಾಖವನ್ನೂ ಮೀರಿ ಕಾಯುತ್ತದೆ. ಆ ಶಾಖಕ್ಕೆ ಇಡೀ ವಿಮಾನ ಒಂದು ಗೇಣಿನಷ್ಟು ಉದ್ದವಾಗುತ್ತದೆ, ಇಳಿದ ಮೇಲೆ ಮತ್ತೆ ಮೊದಲಿನಂತಾಗುತ್ತದೆ. ಚಳಿಗಾಲದಲ್ಲಿ ಲಂಡನ್ನಿನಿಂದ ಸಂಜೆ ಹೊರಟವರಿಗೆ, ಮುಳುಗಿದ್ದ ಸೂರ್ಯ ಪಶ್ಚಿಮದಲ್ಲಿ ಮತ್ತೆ ಮೇಲೇರುವುದು ಕಾಣುತ್ತಿತ್ತು. ಪಶ್ಚಿಮದಲ್ಲಿ ಸೂರ್ಯೋದಯ! ನಮ್ಮ ಹಿರಿಯರು ಆಗದ ಮಾತಿಗೆ ಹೇಳುತ್ತಿದ್ದ ಗಾದೆ ಅಲ್ಲಿ ಕಣ್ಣಿಗೆ ಕಾಣುವ ಸಂಗತಿಯಾಗಿತ್ತು.

ಬಂಧುಗಳೆ, ಇದು ಮನುಷ್ಯನ ಬುದ್ಧಿಯ ದೊಡ್ಡ ಸಾಹಸ. ಇದನ್ನು ಹಳಿಯುವುದಕ್ಕೆ ನಾವು ಬಂದಿಲ್ಲ. ತಲೆತಲೆ ಸೇರಿಸಿ ದುಡಿದ ಸಾವಿರಾರು ಜನರ ಕಾಯಕ ಅದು. ಕಾಯಕವನ್ನು ಹಳಿದರೆ ನಾವು ಶರಣರ ಮಾರ್ಗದವರು ಹೇಗಾದೇವು? ಆದರೆ ಆ ಪ್ರಯಾಣದಿಂದ ನಾವು ಕಲಿಯಬೇಕಾದ ಪಾಠಗಳು ಕೆಲವಿವೆ.

ಮೊದಲನೆಯದು, ವೇಗ ಒಳಗಿರುವವನಿಗೆ ಗೊತ್ತಾಗುವುದಿಲ್ಲ ಎಂಬುದು. ಕಾಲುನಡಿಗೆಯವನಿಗೆ ಮೈಲಿ ಮೈಲಿಗೂ ದಣಿವು ತಿಳಿಯುತ್ತದೆ. ಬಂಡಿಯವನಿಗೆ ಎತ್ತಿನ ಉಸಿರು ತಿಳಿಯುತ್ತದೆ. ವೇಗ ಹೆಚ್ಚಿದಷ್ಟೂ ತಿಳಿವಳಿಕೆ ಕಡಿಮೆ. ಸಂಪತ್ತೂ ಹೀಗೆಯೇ, ಅಧಿಕಾರವೂ ಹೀಗೆಯೇ. ಸೈಟು ಮಾರಿದ ಹಣ ಬಂದ ಮನೆಯಲ್ಲಿ ಎರಡು ವರ್ಷದಲ್ಲಿ ಏನೇನು ಬದಲಾಯಿತು ಎಂದು ಆ ಮನೆಯವರನ್ನು ಕೇಳಿದರೆ, ಏನೂ ಇಲ್ಲ, ಇದ್ದ ಹಾಗೇ ಇದ್ದೇವೆ ಎನ್ನುತ್ತಾರೆ. ಲೋಟದ ನೀರು ಅಲುಗಿಲ್ಲವಲ್ಲ! ಆದ್ದರಿಂದ ವೇಗದಲ್ಲಿರುವವನಿಗೆ ಒಂದು ಫಲಕ ಬೇಕು. ನಾನು ಎಷ್ಟು ವೇಗದಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ತೋರಿಸುವ ಫಲಕ. ದಿನಕ್ಕೊಮ್ಮೆ ಅಂಗೈಯ ಲಿಂಗದ ಮುಂದೆ ಕಣ್ಣುಮುಚ್ಚಿ ಕುಳಿತು ತನ್ನನ್ನು ತಾನು ಕೇಳಿಕೊಳ್ಳುವುದು ಆ ಫಲಕವನ್ನು ನೋಡಿದ ಹಾಗೆ.

ಎರಡನೆಯದು, ಸಮತೋಲದ ಪಾಠ. ಶಬ್ದದ ವೇಗವನ್ನು ದಾಟಿದಾಗ ಆ ವಿಮಾನವನ್ನು ಎತ್ತಿ ಹಿಡಿಯುವ ಗಾಳಿಯ ಬಲದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಸುಮ್ಮನೆ ಬಿಟ್ಟರೆ ಮೂಗು ಕೆಳಕ್ಕೆ ಬಾಗುತ್ತದೆ. ಅದಕ್ಕೆ ಅದನ್ನು ಕಟ್ಟಿದವರು ಏನು ಮಾಡಿದರು? ಮುಂದಿನ ತೊಟ್ಟಿಗಳಲ್ಲಿರುವ ಟನ್ನುಗಟ್ಟಲೆ ಇಂಧನವನ್ನು ಪಂಪು ಹಾಕಿ ಬಾಲದ ತೊಟ್ಟಿಗೆ ಸಾಗಿಸಿದರು. ನಿಧಾನವಾದಾಗ ಮತ್ತೆ ಮುಂದಕ್ಕೆ ತಂದರು. ಹೊರಗಿನ ವೇಗ ಬದಲಾದಾಗ ಒಳಗಿನ ಭಾರವನ್ನೂ ಬದಲಾಯಿಸಿಕೊಳ್ಳಬೇಕು ಎಂಬುದು ಅವರಿಗೆ ಗೊತ್ತಿತ್ತು. ನಾವು ಬಂಡಿ ಬಿಟ್ಟು ಕಾರು ಹತ್ತಿದ್ದೇವೆ, ಒಳಗಿನ ಭಾರ ಮಾತ್ರ ಹಾಗೆಯೇ ಇದೆ. ಅದೇ ಜಾತಿ, ಅದೇ ಪಂಕ್ತಿ, ಬದುವಿಗಾಗಿ ಅದೇ ಅಣ್ಣತಮ್ಮಂದಿರ ಜಗಳ. ಮೂಗು ಕೆಳಕ್ಕೆ ಬಾಗದೆ ಇನ್ನೇನಾದೀತು?

ಮೂರನೆಯದು, ಉಳಿಸಿದ ಕಾಲದ ಪಾಠ. ಬೆಳಿಗ್ಗೆ ಹತ್ತೂವರೆಗೆ ಲಂಡನ್ ಬಿಟ್ಟವರು, ಹತ್ತಿರ ಹತ್ತಿರ ನಾಲ್ಕು ಗಂಟೆ ಪ್ರಯಾಣ ಮಾಡಿ, ನ್ಯೂಯಾರ್ಕಿನಲ್ಲಿ ಅಲ್ಲಿಯ ಗಡಿಯಾರದಂತೆ ಒಂಬತ್ತೂವರೆಯ ಸುಮಾರಿಗೆ ಇಳಿಯುತ್ತಿದ್ದರು. ಹೊರಟ ಹೊತ್ತಿಗಿಂತ ಮೊದಲೇ ತಲಪಿದರು! ಹಾಗೆಂದು ಅವರ ಆಯುಷ್ಯ ಒಂದು ಗಂಟೆ ಬೆಳೆಯಿತೆ? ಇಲ್ಲ. ಗಡಿಯಾರ ಹಿಂದೆ ಸರಿಯಿತು, ದೇಹ ಹತ್ತಿರ ಹತ್ತಿರ ನಾಲ್ಕು ಗಂಟೆ ಮುದಿಯಾಯಿತು. ಕಾಲವನ್ನು ಉಳಿಸಿದೆ ಎನ್ನುವವನನ್ನು ಕೇಳಬೇಕಾದ ಪ್ರಶ್ನೆ ಒಂದೇ. ಉಳಿಸಿದ್ದನ್ನು ಎಲ್ಲಿ ಖರ್ಚು ಮಾಡಿದೆಯಪ್ಪ? ರಾಗಿ ಬೀಸುವ ಕಲ್ಲು ಹೋಗಿ ಗಿರಣಿ ಬಂತು, ಬಾವಿ ಹೋಗಿ ನಲ್ಲಿ ಬಂತು. ದಿನಕ್ಕೆ ಮೂರು ನಾಲ್ಕು ಗಂಟೆ ಉಳಿಯಿತು. ಆ ಗಂಟೆಯಲ್ಲಿ ಕಣ್ಣು ಮಂಜಾದ ತಾಯಿಯ ಹತ್ತಿರ ಕುಳಿತು ಮಾತನಾಡಿದ್ದರೆ ಉಳಿತಾಯ. ಇಲ್ಲವಾದರೆ ಒಂದು ಕೈಯಿಂದ ಉಳಿಸಿದ್ದು ಇನ್ನೊಂದು ಕೈಯಿಂದ ಸೋರಿತು.

ನಾಲ್ಕನೆಯದು ಬಹಳ ಮುಖ್ಯವಾದದ್ದು. ಇದಕ್ಕಾಗಿಯೇ ನಾವು ಈ ವಿಷಯವನ್ನು ಎತ್ತಿಕೊಂಡದ್ದು. ಕೆರೆಯಲ್ಲಿ ತೆಪ್ಪ ನಿಧಾನವಾಗಿ ಹೋದರೆ ಅಲೆಗಳು ಮುಂದೆ ಹರಡಿ ದಾರಿ ಬಿಡುತ್ತವೆ. ದೋಣಿ ಅಲೆಗಿಂತ ವೇಗವಾಗಿ ಹೋದರೆ, ಅಲೆಗಳೆಲ್ಲ ಒಂದರ ಮೇಲೊಂದು ಬಿದ್ದು, ಒಂದು ದೊಡ್ಡ ಅಲೆಯಾಗಿ ಹಿಂದೆ ಎಳೆದುಕೊಂಡು ಬರುತ್ತವೆ, ದಡವನ್ನು ಬಡಿಯುತ್ತವೆ. ಶಬ್ದವೂ ಗಾಳಿಯ ಅಲೆಯೇ. ಶಬ್ದವನ್ನು ಮೀರಿದ ವಿಮಾನ ತನ್ನ ಸದ್ದನ್ನೆಲ್ಲ ಹಿಂದೆ ಒಟ್ಟುಮಾಡಿ ಎಳೆದುಕೊಂಡು ಹೋಗುತ್ತದೆ. ಅದು ಕೆಳಗೆ ಬಂದು ನೆಲಕ್ಕೆ ಬಡಿಯುವಾಗ ಸಿಡಿಲಿನಂತೆ ಆಗುತ್ತದೆ. ದಾಟುವ ಘಳಿಗೆಯಲ್ಲಿ ಒಂದು ಸಲ ಆಗಿ ಮುಗಿಯುವುದಲ್ಲ. ಹೋದಲ್ಲೆಲ್ಲ, ಹತ್ತಾರು ಮೈಲಿ ಅಗಲದ ಪಟ್ಟಿಯಲ್ಲಿ, ಊರಿಂದೂರಿಗೆ ಬಡಿಯುತ್ತ ಹೋಗುತ್ತದೆ. ಒಳಗೆ ಕುಳಿತವನಿಗೆ ಆ ಸದ್ದು ಕೇಳಿಸುವುದೇ ಇಲ್ಲ!

ಇದು ಎಲ್ಲೋ ದೂರದ ಮಾತಲ್ಲ. ೨೦೨೦ರ ಮೇ ೨೦ರ ಮಧ್ಯಾಹ್ನ ನಿಮಗೆ ನೆನಪಿರಬೇಕು. ಬೆಂಗಳೂರಿನ ಬಹುಭಾಗದಲ್ಲಿ ಒಂದು ಭಾರಿ ಶಬ್ದ ಕೇಳಿಸಿತು, ಕಿಟಕಿ ಬಾಗಿಲು ಅದುರಿದವು. ಭೂಕಂಪವೋ, ಯಾವುದೋ ಕಾರ್ಖಾನೆ ಸಿಡಿಯಿತೋ ಎಂದು ಜನ ಹೊರಗೆ ಓಡಿ ಬಂದರು. ಆಗ ಕೊರೋನಾ ಕಾಲ, ಮೊದಲೇ ಎಲ್ಲರ ಎದೆಯಲ್ಲೂ ಭಯ. ಆಮೇಲೆ ರಕ್ಷಣಾ ಇಲಾಖೆಯವರು ತಿಳಿಸಿದರು. ವಾಯುಪಡೆಯ ಒಂದು ವಿಮಾನ ನಗರದ ಹೊರಗೆ, ೩೬,೦೦೦ದಿಂದ ೪೦,೦೦೦ ಅಡಿ ಎತ್ತರದಲ್ಲಿ, ಶಬ್ದಾತೀತ ವೇಗದ ಪರೀಕ್ಷೆ ನಡೆಸಿ ವೇಗ ತಗ್ಗಿಸುವಾಗ ಆದ ಸದ್ದು ಅದು ಎಂದು. ಮೇಲಿದ್ದವರು ತಮ್ಮ ಕರ್ತವ್ಯವನ್ನು ಮಾಡುತ್ತಿದ್ದರು, ದೇಶಕ್ಕೆ ಅದು ಬೇಕು. ಆದರೆ ಎಲ್ಲೋ ಮುಗಿಲಿನಲ್ಲಿ ಆದದ್ದು ಕೆಳಗಿನ ಮನೆಯ ತೊಟ್ಟಿಲನ್ನು ಹೇಗೆ ಅಲುಗಿಸುತ್ತದೆ ಎಂಬುದು ಅಂದು ಎಲ್ಲರಿಗೂ ತಿಳಿಯಿತು.

ಅಮೆರಿಕದಲ್ಲಿ ೧೯೬೪ರಲ್ಲಿ ಇದನ್ನೇ ಬೇಕೆಂದು ಪರೀಕ್ಷೆ ಮಾಡಿದರು. ಓಕ್ಲಹೋಮಾ ಎಂಬ ನಗರದ ಮೇಲೆ ಆರು ತಿಂಗಳಲ್ಲಿ ೧,೨೫೩ ಸಲ ಈ ಸದ್ದನ್ನು ಮಾಡಿಸಿದರು. ಕಿಟಕಿ ಗಾಜುಗಳು ಒಡೆದವು, ದೂರುಗಳು ಸಾವಿರ ಸಾವಿರ ಬಂದವು. ಜನರನ್ನು ಕೇಳಿದಾಗ ಮುಕ್ಕಾಲು ಭಾಗದವರು ಹೇಗೋ ಸಹಿಸಿಕೊಳ್ಳುತ್ತೇವೆ ಎಂದರು, ಹೆಚ್ಚು ಕಡಿಮೆ ಕಾಲು ಭಾಗದವರು ಇದರೊಡನೆ ಬಾಳಲಾರೆವು ಎಂದರು. ಮುಕ್ಕಾಲು ಒಪ್ಪಿತಲ್ಲ ಎಂದು ಮುಂದುವರಿಯಬಹುದಾಗಿತ್ತು. ಮುಂದುವರಿಯಲಿಲ್ಲ. ೧೯೭೩ರಲ್ಲಿ ಆ ದೇಶ ತನ್ನ ನೆಲದ ಮೇಲೆ ನಾಗರಿಕ ವಿಮಾನಗಳು ಶಬ್ದ ಮೀರಿ ಹಾರುವುದನ್ನು ನಿಷೇಧಿಸಿತು. ನಮ್ಮ ಭಾರತವೂ ಒಪ್ಪಲಿಲ್ಲ. ಲಂಡನ್ನಿನಿಂದ ಬಹರೇನ್ ಮಾರ್ಗವಾಗಿ ಸಿಂಗಪುರಕ್ಕೆ ಕಾನ್ಕಾರ್ಡ್ ಓಡಿಸಬೇಕೆಂದು ೧೯೭೭ರಲ್ಲಿ ತೊಡಗಿದರು. ಭಾರತದ ವಾಯುಪ್ರದೇಶದಲ್ಲಿ ಶಬ್ದ ಮೀರಿ ಹಾರಲು ಅಪ್ಪಣೆ ಸಿಗಲಿಲ್ಲ, ಮಲೇಷಿಯವೂ ಆಕ್ಷೇಪಿಸಿತು. ನಡುವೆ ನಿಂತು, ಮತ್ತೆ ನಡೆದು, ೧೯೮೦ರಲ್ಲಿ ಆ ಮಾರ್ಗವೇ ಮುಚ್ಚಿಹೋಯಿತು. ಏರ್ ಇಂಡಿಯಾ ಸಂಸ್ಥೆ ಕೂಡ ಎರಡು ಕಾನ್ಕಾರ್ಡ್ ಬೇಕೆಂದು ಮೊದಲು ಹೆಸರು ಬರೆಸಿತ್ತು, ೧೯೭೫ರಲ್ಲಿ ಬೇಡವೆಂದು ಹಿಂದೆ ಸರಿಯಿತು.

ಮೇಲೆ ಹೋಗುವ ನೂರು ಜನರ ಸುಖಕ್ಕಾಗಿ ಕೆಳಗಿರುವ ಲಕ್ಷ ಜನರ ನಿದ್ದೆ ಕೆಡಬಾರದು ಎಂಬುದು ಆ ನಿರಾಕರಣೆಯ ಅರ್ಥ. ಬೇಡ ಎನ್ನುವುದೂ ಒಂದೊಂದು ಸಲ ದೊಡ್ಡ ಧರ್ಮ.

ಐದನೆಯದು ಹಂಚಿ ಉಣ್ಣುವ ಪಾಠ. ಕಾನ್ಕಾರ್ಡಿನಲ್ಲಿ ತುಂಬುತ್ತಿದ್ದ ಇಂಧನ ತೊಂಬತ್ತು ಟನ್ನಿಗೂ ಮಿಕ್ಕು. ಕೂರುತ್ತಿದ್ದವರು ನೂರು ಮಂದಿ. ಅಟ್ಲಾಂಟಿಕ್ ದಾಟಲು ತಲೆಗೆ ಹತ್ತಿರ ಹತ್ತಿರ ಒಂದು ಟನ್ ಎಣ್ಣೆ! ಒಟ್ಟು ಕಟ್ಟಿದ್ದು ಇಪ್ಪತ್ತೇ ವಿಮಾನ, ಜನರನ್ನು ಒಯ್ದದ್ದು ಹದಿನಾಲ್ಕು. ೨೦೦೦ದ ಜುಲೈ ೨೫ರಂದು ಪ್ಯಾರಿಸ್ಸಿನಲ್ಲಿ, ಬೇರೊಂದು ವಿಮಾನದಿಂದ ಉದುರಿ ಓಡುದಾರಿಯಲ್ಲಿ ಬಿದ್ದಿದ್ದ ಮೊಳದುದ್ದದ ಒಂದು ಲೋಹದ ಪಟ್ಟಿ ಚಕ್ರವನ್ನು ಸೀಳಿ, ಸಿಡಿದ ರಬ್ಬರು ಇಂಧನದ ತೊಟ್ಟಿಗೆ ಬಡಿದು, ಬೆಂಕಿ ಹತ್ತಿ ಒಂದು ಕಾನ್ಕಾರ್ಡ್ ನೆಲಕ್ಕೆ ಬಿತ್ತು. ಒಳಗಿದ್ದ ೧೦೯ ಜನರೂ ಹೋದರು. ಕೆಳಗೆ ಒಂದು ಹೋಟೆಲಿನಲ್ಲಿ ತಮ್ಮ ಪಾಡಿಗೆ ತಾವಿದ್ದ ನಾಲ್ವರೂ ಹೋದರು. ಅಲ್ಲಿಯೂ ಕೆಳಗಿದ್ದವರೇ ನೋಡಿ! ಶಬ್ದವನ್ನು ಗೆದ್ದ ಯಂತ್ರ ಒಂದು ಮೊಳದ ಪಟ್ಟಿಗೆ ಸೋತಿತು. ಮರುವರ್ಷ ಮತ್ತೆ ಹಾರಿದರೂ ಬಹಳ ಕಾಲ ನಿಲ್ಲಲಿಲ್ಲ. ೨೦೦೩ರ ಅಕ್ಟೋಬರ್ ೨೪ರಂದು ಪ್ರಯಾಣಿಕರ ಕೊನೆಯ ಹಾರಾಟ ಮುಗಿಯಿತು.

ಅದೇ ೨೦೦೩ರಲ್ಲಿ ನಮ್ಮ ನಾಡಿನಲ್ಲಿ ಏನಾಯಿತು? ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಏರ್ ಡೆಕ್ಕನ್ ಎಂಬ ವಿಮಾನಗಳನ್ನು ಬೆಂಗಳೂರಿನಿಂದ ಹುಬ್ಬಳ್ಳಿಗೆ ಓಡಿಸಲು ತೊಡಗಿದರು. ಅವು ರೆಕ್ಕೆಯಲ್ಲಿ ಪಂಖ ತಿರುಗುವ ಸಣ್ಣ ವಿಮಾನಗಳು, ಕಾನ್ಕಾರ್ಡಿನ ಕಾಲು ಭಾಗದ ವೇಗವೂ ಇಲ್ಲ. ಆದರೆ ಕೆಲವು ಸೀಟುಗಳನ್ನು ಒಂದು ರೂಪಾಯಿಗೆ ಕೊಟ್ಟರು. ಅದುವರೆಗೆ ವಿಮಾನವನ್ನು ಹೊಲದಲ್ಲಿ ನಿಂತು ಮಾತ್ರ ನೋಡಿದ್ದವರು ಒಳಗೆ ಕುಳಿತರು. ಆ ಸಂಸ್ಥೆಯೂ ಕೆಲವೇ ವರ್ಷಗಳಲ್ಲಿ ಇನ್ನೊಂದರಲ್ಲಿ ಸೇರಿಹೋಯಿತು ನಿಜ, ಆದರೆ ತೆರೆದ ಬಾಗಿಲು ಮುಚ್ಚಲಿಲ್ಲ. ಒಬ್ಬನನ್ನು ಎರಡು ಪಾಲು ವೇಗದಲ್ಲಿ ಒಯ್ಯುವುದು ಒಂದು ದಾರಿ. ಹತ್ತು ಜನರನ್ನು ಇದ್ದ ವೇಗದಲ್ಲಿ ಒಯ್ಯುವುದು ಇನ್ನೊಂದು ದಾರಿ. ಇವುಗಳಲ್ಲಿ ದಾಸೋಹಕ್ಕೆ ಹತ್ತಿರವಾದದ್ದು ಯಾವುದು ಎಂಬುದನ್ನು ನೀವೇ ವಿಚಾರ ಮಾಡಿ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾಯಿತು. ಅದಕ್ಕೆ ಸುಮಾರು ನಾಲ್ಕು ಸಾವಿರ ಎಕರೆ ನೆಲ ಬೇಕಾಯಿತು. ಅದರಿಂದ ಎಷ್ಟೋ ಮನೆಗಳಿಗೆ ಅನ್ನವೂ ಆಯಿತು. ಅದನ್ನು ಮರೆಯಬಾರದು. ಆಮೇಲೆ ವಿಮಾನೋದ್ಯಮದ ಕೈಗಾರಿಕೆಗಳಿಗಾಗಿ ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ೧,೭೭೭ ಎಕರೆ ಭೂಮಿ ಬೇಕೆಂದು ಸರ್ಕಾರ ಹೊರಟಿತು. ಆ ಹಳ್ಳಿಗಳ ರೈತರು ೨೦೨೨ರ ಏಪ್ರಿಲಿನಿಂದ ಸಾವಿರ ದಿನಗಳಿಗೂ ಮಿಕ್ಕು ಧರಣಿ ಕುಳಿತರು. ದ್ರಾಕ್ಷಿ, ತರಕಾರಿ, ರೇಷ್ಮೆ ಬೆಳೆಯುವ ಕೈಗಳು ಅವು. ೨೦೨೫ರ ಜುಲೈ ೧೫ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಭೂಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಹೇಳಿದರು. ಮನಸ್ಸಿನಿಂದ ಕೊಡುವವರು ಕೊಡಬಹುದು ಎಂದೂ ಹೇಳಿದರು. ಕೈಗಾರಿಕೆ ಬೇಕೋ ಬೇಡವೋ ಎಂಬ ರಾಜಕೀಯದ ಮಾತು ನಮಗೆ ಬೇಡ. ನಾವು ಹೇಳುವುದಿಷ್ಟೆ. ಕೆಳಗಿದ್ದವರ ಮಾತು ಮೇಲಿನವರಿಗೆ ಕೇಳಿಸಲು ಸಾವಿರ ದಿನ ಬೇಕಾಯಿತು. ಶಬ್ದಕ್ಕಿಂತ ವೇಗವಾಗಿ ಹೋಗುವುದನ್ನು ಕಲಿತ ಲೋಕ, ಒಬ್ಬ ರೈತನ ಶಬ್ದ ಕಿವಿಗೆ ಬೀಳುವ ವೇಗವನ್ನು ಮಾತ್ರ ಹೆಚ್ಚಿಸಿಕೊಂಡಿಲ್ಲ.

ಇದನ್ನು ಸರ್ಕಾರಕ್ಕೆ ಮಾತ್ರ ಹೇಳಿ ನಾವು ಕೈತೊಳೆದುಕೊಳ್ಳುವುದು ಬೇಡ. ನಮ್ಮ ನಮ್ಮ ಸದ್ದನ್ನೂ ನಾವು ಹಿಂದೆ ಬಿಟ್ಟು ಹೋಗುತ್ತಿದ್ದೇವೆ. ಜಾತ್ರೆಯಲ್ಲಿ ಭಕ್ತಿಯ ಹೆಸರಿನಲ್ಲಿ ರಾತ್ರಿಯಿಡೀ ಧ್ವನಿವರ್ಧಕ ಕೂಗಿಸುವವನಿಗೆ, ಪಕ್ಕದ ಬೀದಿಯಲ್ಲಿ ಜ್ವರದಿಂದ ಮಲಗಿದ ಮಗುವಿನ ಅಳು ಕೇಳಿಸದು. ಬಳ್ಳಾರಿ ರಸ್ತೆಯಲ್ಲಿ ಬೈಕನ್ನು ಹಾರಿಸಿಕೊಂಡು ಹೋಗುವ ಹುಡುಗನಿಗೆ, ರಸ್ತೆ ದಾಟಲು ಹೆದರಿ ನಿಂತ ಅಜ್ಜಿಯ ಎದೆಬಡಿತ ಕೇಳಿಸದು. ಮಗಳ ಮದುವೆಗೆ ಲಕ್ಷ ಲಕ್ಷ ಸುರಿದು ಮೆರೆಯುವವನಿಗೆ, ಅದನ್ನು ನೋಡಿ ಸಾಲ ಮಾಡಿದ ನೆರೆಯವನ ನಿಟ್ಟುಸಿರು ಕೇಳಿಸದು. ಇವರ್ಯಾರೂ ಕೆಟ್ಟವರಲ್ಲ. ಒಳಗೆ ಕುಳಿತವರು, ಅಷ್ಟೆ. ಒಳಗೆ ಎಲ್ಲವೂ ನಿಶ್ಶಬ್ದ.

ಒಂದು ಸಮಾಧಾನದ ಸಂಗತಿಯನ್ನೂ ಹೇಳಬೇಕು. ಶಬ್ದಾತೀತ ವಿಮಾನದ ಆಸೆಯನ್ನು ಮನುಷ್ಯ ಬಿಟ್ಟಿಲ್ಲ. ೨೦೨೫ರ ಜನವರಿಯಲ್ಲಿ ಅಮೆರಿಕದ ಒಂದು ಖಾಸಗಿ ಸಂಸ್ಥೆಯ ಪುಟ್ಟ ಪ್ರಯೋಗ ವಿಮಾನ ಶಬ್ದದ ವೇಗವನ್ನು ದಾಟಿತು. ಅಲ್ಲಿಯ ನಾಸಾ ಸಂಸ್ಥೆ ಎಕ್ಸ್-೫೯ ಎಂಬ ಇನ್ನೊಂದು ವಿಮಾನವನ್ನು ಕಟ್ಟಿದೆ. ಅದರ ಗುರಿ ವೇಗವೊಂದೇ ಅಲ್ಲ. ಮೂಗನ್ನು ಉದ್ದವಾಗಿ, ಮೈಯನ್ನು ಸಪೂರವಾಗಿ ಮಾಡಿ, ಅಲೆಗಳು ಒಟ್ಟುಗೂಡದಂತೆ ನೋಡಿಕೊಂಡರೆ, ಕೆಳಗಿನವರಿಗೆ ಸಿಡಿಲಿನ ಬದಲು ದೂರದಲ್ಲಿ ಬಾಗಿಲು ಮುಚ್ಚಿದಷ್ಟೇ ಸದ್ದು ಕೇಳಿಸಲಿ ಎಂಬುದು ಅವರ ಪ್ರಯತ್ನ. ಕೆಳಗಿರುವವರನ್ನು ನೆನೆದುಕೊಂಡು ವಿಮಾನವನ್ನು ಕಟ್ಟುವುದು! ವಿಜ್ಞಾನ ಈ ದಾರಿಗೆ ಬಂದರೆ ಅದೂ ಶರಣರ ದಾರಿಯೇ. ಹೊರಟಮೇಲೆ ಕ್ಷಮೆ ಕೇಳುವುದಲ್ಲ, ಹೊರಡುವ ಮೊದಲೇ ಎಣಿಸುವುದು.

ಆದ್ದರಿಂದ ಈ ಊರಿನ ಮಕ್ಕಳಿಗೆ ನಾವು ಹೇಳುವುದು, ಚೆನ್ನಾಗಿ ಓದಿ. ವಿಮಾನವನ್ನು ಹತ್ತಿ, ನಿಮ್ಮಲ್ಲಿ ಶಕ್ತಿಯಿದ್ದವರು ವಿಮಾನವನ್ನು ಕಟ್ಟಿ, ಶಬ್ದವನ್ನು ಮೀರಿಯೇ ಹೋಗಿ. ಬಂಡಿಯಲ್ಲಿ ಬಂದವರ ಊರು ಇದು, ಹೊರಡಲು ಹೆದರಿದವರ ಊರಲ್ಲ. ಆದರೆ ಆ ಬಂಡಿಗಳು ಹೊರಟದ್ದು ವೇಗಕ್ಕಾಗಿ ಅಲ್ಲ, ಒಬ್ಬ ಮಗಳನ್ನು ಹಿಂದೆ ಬಿಟ್ಟು ಹೋಗಬಾರದೆಂದು. ಇದನ್ನು ಮರೆಯಬೇಡಿ. ಹಿರಿಯರಿಗೆ ಹೇಳುವುದು, ಈ ರಾತ್ರಿ ಮನೆಗೆ ಹೋದಮೇಲೆ, ನನ್ನ ಬದುಕಿನ ಸದ್ದು ಯಾರ ಮನೆಯ ಮೇಲೆ ಬೀಳುತ್ತಿದೆ ಎಂದು ಒಂದು ನಿಮಿಷ ಕೇಳಿಕೊಳ್ಳಿ. ಆ ಮನೆಯ ಹೆಸರು ನೆನಪಾದರೆ, ಬೆಳಿಗ್ಗೆ ಎದ್ದು ನಡೆದುಕೊಂಡೇ ಅಲ್ಲಿಗೆ ಹೋಗಿ ಬನ್ನಿ.